ನೋಡೇ ಇಲ್ಲದ ಸಿನಿಮಾದ ಬಗ್ಗೆ ಹೇಗ್ರೀ ಮಾತಾಡ್ತೀರಿ?

ನೋಡದೇನೇ ಮಾತಾಡ್ತೀನಿ. ನೀವು ಹಂಪಿಗೆ ಹೋಗಿಬಂದು ಕೃಷ್ಣದೇವರಾಯನ ವೈಭವ ವರ್ಣಿಸುವಾಗ "ರಾಯರನ್ನ ನೋಡಿದ್ರಾ?" ಅಂತ ನಾನೇನಾದರೂ ಕೇಳಿದ್ದೀನಾ?

ವಿಷಯ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡ್ತೀನಿ. 1921ರಲ್ಲಿ ಅಮೆರಿಕದಲ್ಲಿ 'ಡಿಸ್ರೇಲಿ' ಅನ್ನುವ ಮೂಕಿ ಚಿತ್ರ ಬಂತು. ನಿರ್ದೇಶನ ಹೆನ್ರಿ ಕೋಲ್ಕರ್, ಡಿಸ್ರೇಲಿಯ ಪಾತ್ರದಲ್ಲಿ ಜಾರ್ಜ್ ಆರ್ಲಿಸ್. ಇಂಗ್ಲೆಂಡಿನ ಪ್ರಧಾನಿ ಬೆಂಜಮಿನ್ ಡಿಸ್ರೇಲಿ ಸೂಯೆಜ್ ಕಾಲುವೆಯ ಷೇರುಗಳನ್ನು ರಾತ್ರೋರಾತ್ರಿ ಹೊಡೆದುಕೊಂಡ ಕಥೆ. ಆ ಸಿನಿಮಾ ಈಗ ಕಳೆದುಹೋದವುಗಳ ಪಟ್ಟಿಯಲ್ಲಿದೆ. ಒಂದು ರೀಲಿನಷ್ಟು ಉಳಿದಿದೆ ಅನ್ನುವ ಮಾತುಂಟು. ನಾನು ಇದರ ಬಗ್ಗೆ ಆಗಾಗ ಬರೆಯುತ್ತೇನೆ, ಮಾತಾಡುತ್ತೇನೆ. ಅದಕ್ಕೇ ಈ ಪ್ರಶ್ನೆ.

ಕೇಳುವವರಲ್ಲೂ ಜಾತಿಗಳಿವೆ. "ಲಿಂಕ್ ಇದ್ರೆ ಕಳ್ಸಿ ಸಾರ್" ಅನ್ನುವವರು ಪಾಪ, ನಿರುಪದ್ರವಿಗಳು. "ಅಷ್ಟು ಒಳ್ಳೇ ಸಿನಿಮಾ ಆಗಿದ್ರೆ ಯಾರಾದ್ರೂ ಉಳಿಸಿಕೊಳ್ತಿರಲಿಲ್ವಾ?" ಅನ್ನುವವರಿದ್ದಾರಲ್ಲ, ಅವರ ಮೇಲೆ ನನಗೆ ಸಿಟ್ಟು. ಚೆನ್ನಾಗಿದ್ದದ್ದು ಉಳಿಯುತ್ತೆ ಅಂತ ಇವರಿಗೆ ಯಾರು ಹೇಳಿದರೋ! ಆ ಕಾಲದ ಫಿಲ್ಮು ನೈಟ್ರೇಟಿನದು. ಬೆಂಕಿ ಹತ್ತಿದರೆ ನೀರು ಹಾಕಿದರೂ ಆರುವುದಿಲ್ಲ, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಬೆಂಕಿ ಹತ್ತದಿದ್ದರೆ ಡಬ್ಬಿಯೊಳಗೇ ಅಂಟಂಟಾಗಿ, ಕೊನೆಗೆ ಪುಡಿಯಾಗಿ ಹೋಗುತ್ತದೆ. ಅದೂ ಆಗದಿದ್ದರೆ ಅದರಲ್ಲಿರುವ ಬೆಳ್ಳಿಗೋಸ್ಕರ ಮನುಷ್ಯರೇ ಕರಗಿಸುತ್ತಿದ್ದರು. ಟಾಕಿ ಬಂದ ಮೇಲೆ ಮೂಕಿ ಪ್ರಿಂಟುಗಳನ್ನು ಕಾಪಾಡಿಕೊಳ್ಳಲು ಯಾವ ಮಾಲೀಕನಿಗೂ ಕಾರಣ ಉಳಿಯಲಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ಅಮೆರಿಕದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲೇ ಪೂರ್ತಿಯಾಗಿ ಉಳಿದಿರುವುದು ನೂರಕ್ಕೆ 14. ನಮ್ಮದೇನು ಕಮ್ಮಿಯಿಲ್ಲ. ಕನ್ನಡದ ಮೊದಲ ಟಾಕಿ, 1934ರ 'ಸತಿ ಸುಲೋಚನ'ದ ಒಂದು ಪ್ರಿಂಟೂ ಇಲ್ಲ. ಆರ್. ನಾಗೇಂದ್ರರಾಯರ ರಾವಣ ಚೆನ್ನಾಗಿರಲಿಲ್ಲ ಅಂತ ಹೋಯಿತೇ?

ಇನ್ನು ಕೆಲವರದು "ಆ ಬ್ರಿಟಿಷ್ ಮುದುಕ ನಮಗ್ಯಾಕೆ?" ಅನ್ನುವ ವರಸೆ. ವಿಕ್ಟೋರಿಯಾಗೆ 'ಭಾರತದ ಚಕ್ರವರ್ತಿನಿ' ಅಂತ ಬಿರುದು ಕೊಡಿಸಿದವನು ಇವನೇ, 1876ರಲ್ಲಿ. ಇವನು ಕಳಿಸಿದ ವೈಸ್‌ರಾಯ್ ಲಿಟ್ಟನ್ 1877ರ ಜನವರಿ 1ರಂದು ದೆಹಲಿಯಲ್ಲಿ ಆ ಬಿರುದಿಗೆ ದರ್ಬಾರು ನಡೆಸುವ ಹೊತ್ತಿಗೆ ನಮ್ಮಲ್ಲಿ ಧಾತು-ಈಶ್ವರ ಬರ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ಕ್ಕೆ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಸಾಕಾ ಸಂಬಂಧ?

ಆದರೆ ನನ್ನನ್ನು ಈ ಬರಹಕ್ಕೆ ಕೂರಿಸಿದವರು ನನ್ನ ಸೋದರಮಾವ. ನೆಂಟರೊಬ್ಬರ ಗೃಹಪ್ರವೇಶದಲ್ಲಿ ಪಂಕ್ತಿಗೆ ಕೂತಿದ್ದೆವು. ಎಲೆಗೆ ಕೋಸಂಬರಿ ಬಿದ್ದಿತ್ತು, ಅನ್ನ ಇನ್ನೂ ಬಂದಿರಲಿಲ್ಲ. ಮಾವ ಮೊಬೈಲು ತೆಗೆದು ಮುಖಕ್ಕೆ ಹಿಡಿದರು. "ಏನೋ, ಕಳೆದೇಹೋಯ್ತು ಕಳೆದೇಹೋಯ್ತು ಅಂತ ಬಡ್ಕೋತೀಯ, ಇಲ್ಲೇ ಇದ್ಯಲ್ಲೋ! ಮೂಕಿ ಅಂತೀಯ, ಇವನು ನೋಡಿದ್ರೆ ಬಾಯಿ ಮುಚ್ಚೋದೇ ಇಲ್ಲ!" ಅದು 1929ರ ಟಾಕಿ. ಅದೇ ಕಥೆ, ಅದೇ ಆರ್ಲಿಸ್. ವಾರ್ನರ್ ಬ್ರದರ್ಸ್‌ನವರು ಹೊಸದಾಗಿ ತೆಗೆದದ್ದು, ಅದಕ್ಕೇ ಆರ್ಲಿಸ್‌ಗೆ ಆಸ್ಕರ್ ಬಂದದ್ದು. ಇದನ್ನು ಬಿಡಿಸಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸಾರು ಬಂತು. ಮಾವ ಎಲೆಯ ಮೇಲೆ ಬಗ್ಗಿದವರು ಮತ್ತೆ ತಲೆ ಎತ್ತಲಿಲ್ಲ. ಪಂಕ್ತಿಯಲ್ಲಿದ್ದವರೆಲ್ಲ ನನ್ನನ್ನು ನೋಡಿ ನಕ್ಕಿದ್ದಂತೂ ನಿಜ.

ಮನೆಗೆ ಬಂದ ಮೇಲೆ ಅನ್ನಿಸಿತು: ಮಾವ ಗೊತ್ತಿಲ್ಲದೇ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಹೌದು, ಈ ಮನುಷ್ಯ ಬಾಯಿ ಮುಚ್ಚುವವನೇ ಅಲ್ಲ. ಕಾದಂಬರಿಕಾರ, ಕೊಂಕು ಮಾತಿನ ಸರದಾರ. 1837ರಲ್ಲಿ ಪಾರ್ಲಿಮೆಂಟಿನಲ್ಲಿ ಮಾಡಿದ ಮೊದಲ ಭಾಷಣಕ್ಕೆ ಸದಸ್ಯರು ಗಲಾಟೆ ಎಬ್ಬಿಸಿದಾಗ, ಈಗ ಕೂರ್ತೀನಿ, ನನ್ನ ಮಾತನ್ನು ನೀವು ಕೇಳುವ ಕಾಲ ಬಂದೇ ಬರುತ್ತೆ ಅಂತ ಹೇಳಿ ಕೂತವನು. ಅಂಥವನ ಮೇಲೆ ಲೂಯಿ ಎನ್. ಪಾರ್ಕರ್ ಬರೆದ ನಾಟಕ 1911ರಿಂದ ವರ್ಷಗಟ್ಟಲೆ ರಂಗದ ಮೇಲೆ ನಡೆಯಿತು. ನಡೆಸಿದ್ದು ಮಾತು. ಆ ನಾಟಕವನ್ನು 1921ರಲ್ಲಿ ಮಾತೇ ಇಲ್ಲದ ಪರದೆಗೆ ತಂದರು. ಹೇಗೆ ತಂದರು? ನನ್ನನ್ನು ಕೇಳಬೇಕಾದ ಪ್ರಶ್ನೆ ಇದು. ಇದುವರೆಗೆ ಒಬ್ಬರೂ ಕೇಳಿಲ್ಲ, ನಾನೇ ಕೇಳಿಕೊಳ್ಳುತ್ತೇನೆ.

ನಿಜವಾಗಿ ನಡೆದದ್ದರಲ್ಲಿ ಮೂಕಿಗೆ ಹೇಳಿ ಮಾಡಿಸಿದಂಥ ದೃಶ್ಯವೊಂದಿದೆ. 1875ರ ನವೆಂಬರ್. ಈಜಿಪ್ಟಿನ ದೊರೆ ಖೆದಿವ್ ಇಸ್ಮಾಯಿಲ್ ಸಾಲದಲ್ಲಿ ಮುಳುಗಿ ತನ್ನ 1,76,602 ಷೇರುಗಳನ್ನು ಮಾರಲು ಹೊರಟಿದ್ದ, ಫ್ರೆಂಚ್ ಸಾಹುಕಾರರು ಆಗಲೇ ಮಾತುಕತೆಗೆ ಕೂತಿದ್ದರು. ಬೇಕಾದದ್ದು 40 ಲಕ್ಷ ಪೌಂಡು. ಪಾರ್ಲಿಮೆಂಟು ನಡೆಯುತ್ತಿರಲಿಲ್ಲ. ಡಿಸ್ರೇಲಿ ತನ್ನ ಕಾರ್ಯದರ್ಶಿ ಮಾಂಟೆಗ್ಯೂ ಕಾರಿಯನ್ನು ಬ್ಯಾಂಕರ್ ಲಯೊನೆಲ್ ರಾಥ್‌ಚೈಲ್ಡ್ ಹತ್ತಿರ ಕಳಿಸಿದ. ಯಾವಾಗ ಬೇಕು ಅಂದನಂತೆ ರಾಥ್‌ಚೈಲ್ಡ್. ನಾಳೆ. ಒಂದು ದ್ರಾಕ್ಷಿ ಬಾಯಿಗೆ ಹಾಕಿ, ಸಿಪ್ಪೆ ಉಗುಳಿ, ಜಾಮೀನೇನು ಅಂದ. ಬ್ರಿಟಿಷ್ ಸರ್ಕಾರ. ಸರಿ, ತಗೊಳ್ಳಿ. ಇದು ಕಾರಿ ಆಮೇಲೆ ಹೇಳಿಕೊಂಡು ತಿರುಗಿದ ಕಥೆ, ಉಪ್ಪುಖಾರ ಸೇರಿರಬಹುದು. ಆದರೂ ಆ ದ್ರಾಕ್ಷಿಯನ್ನು ನೋಡಿ! ಎರಡು ಟೈಟಲ್ ಕಾರ್ಡು (ಮೂಕಿಯಲ್ಲಿ ಮಾತನ್ನು ಬರೆದು ಪರದೆಯ ಮೇಲೆ ತೋರಿಸುತ್ತಿದ್ದರಲ್ಲ, ಅದು), ಒಂದು ಕ್ಲೋಸಪ್ಪು, ಮುಗಿಯಿತು.

ಪಾರ್ಕರ್ ಇದನ್ನು ಮುಟ್ಟಲೇ ಇಲ್ಲ. ರಾಥ್‌ಚೈಲ್ಡ್‌ನನ್ನು ತೆಗೆದು ಮೇಯರ್ಸ್ ಅನ್ನುವ ಕಾಲ್ಪನಿಕ ಬ್ಯಾಂಕರನ್ನು ತಂದ. ಫ್ರೆಂಚರ ಜಾಗಕ್ಕೆ ರಷ್ಯಾದ ಗೂಢಚಾರಿಣಿ. 1872ರಲ್ಲೇ ತೀರಿಕೊಂಡಿದ್ದ ಡಿಸ್ರೇಲಿಯ ಹೆಂಡತಿಗೆ ಜೀವ ಕೊಟ್ಟು 1875ರ ಕಥೆಯಲ್ಲಿ ಓಡಾಡಿಸಿದ. ಮೂಕಿಯಲ್ಲೂ ಟಾಕಿಯಲ್ಲೂ ಆ ಪಾತ್ರ ಮಾಡಿದ್ದು ಆರ್ಲಿಸ್‌ನ ಸ್ವಂತ ಹೆಂಡತಿ ಫ್ಲಾರೆನ್ಸ್. ಇತಿಹಾಸ ಹಾಳಾಯಿತು ಅಂತ ನಾನು ಎದೆ ಬಡಿದುಕೊಳ್ಳುವುದಿಲ್ಲ, ನಮ್ಮ ಐತಿಹಾಸಿಕ ಚಿತ್ರಗಳಲ್ಲಿ ಇದಕ್ಕಿಂತ ದೊಡ್ಡ ಪವಾಡಗಳಾಗಿವೆ.

ನಾಟಕದ ಜೀವ ಇರುವುದು ಕೊನೆಯಲ್ಲಿ. ಮೇಯರ್ಸ್ ದಿವಾಳಿಯಾಗಿದ್ದಾನೆ. ಡಿಸ್ರೇಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಪ್ರೊಬರ್ಟನನ್ನು ಎದುರಿಗೆ ನಿಲ್ಲಿಸಿಕೊಂಡು, ಮೇಯರ್ಸ್‌ಗೆ ಸಾಲ ಕೊಡುವ ಪತ್ರಕ್ಕೆ ಸಹಿ ಹಾಕದಿದ್ದರೆ ನಿನ್ನ ಬ್ಯಾಂಕನ್ನೇ ಮುಗಿಸಿಬಿಡ್ತೀನಿ ಅಂತ ಗದರಿಸುತ್ತಾನೆ. ಪ್ರೊಬರ್ಟ್ ಹಲ್ಲು ಕಡಿಯುತ್ತ ಸಹಿ ಹಾಕಿ ಹೋಗುತ್ತಾನೆ. ಪಕ್ಕದಲ್ಲಿದ್ದ ಹುಡುಗಿ ಕ್ಲಾರಿಸಾ, ನಿಮಗೆ ಅಷ್ಟೆಲ್ಲ ಅಧಿಕಾರ ಇದೆಯಾ ಅಂತ ಬೆರಗಾಗುತ್ತಾಳೆ. ಇಲ್ಲಮ್ಮಾ, ಆದರೆ ಅದು ಅವನಿಗೆ ಗೊತ್ತಿಲ್ಲ ಅನ್ನುತ್ತಾನೆ ಮುದುಕ.

ಟಾಕಿಯಲ್ಲಿ ಇದು ಸಲೀಸು. ಆರ್ಲಿಸ್ ಗುಡುಗುತ್ತಾನೆ, ದನಿ ಇಳಿಸುತ್ತಾನೆ, ಜನ ನಗುತ್ತಾರೆ. ದನಿಯೇ ಇಲ್ಲದಿದ್ದಾಗ ಗುಡುಗಿಗೂ ಬೂಟಾಟಿಕೆಗೂ ವ್ಯತ್ಯಾಸ ತೋರಿಸುವುದು ಹೇಗೆ? ಪ್ರೊಬರ್ಟ್ ಬಾಗಿಲು ದಾಟಿದ ಕ್ಷಣ ಮುಖ ಸಡಿಲವಾದರೆ, ಕಾರ್ಡು ಬರುವ ಮೊದಲೇ ಜನಕ್ಕೆ ಗುಟ್ಟು ಗೊತ್ತಾಗುತ್ತದೆ. ಮುಖ ಸಡಿಲವಾಗದೆ ಕಾರ್ಡು ಬಂದರೆ, ಓದಿದವನಿಗೆ ಮಾತ್ರ ನಗು, ನಟನಿಗೆ ಕೆಲಸವೇ ಇಲ್ಲ. ನಾಟಕದಲ್ಲೂ ಡಿಸ್ರೇಲಿಯಾಗಿ ವರ್ಷಗಟ್ಟಲೆ ಆ ಸಾಲನ್ನು ಬಾಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ ಆರ್ಲಿಸ್ ಅದನ್ನು ಸುಮ್ಮನೆ ಕಾರ್ಡಿಗೆ ಬಿಟ್ಟುಕೊಟ್ಟಿರಲಾರ ಅಂತ ನನ್ನ ಅನುಮಾನ. ಸ್ಟಿಲ್ಲುಗಳಲ್ಲಿ ಆ ಮುಖ ನೋಡಿದ್ದೀನಿ, ಹಣೆಯ ಮೇಲೆ ಗುಂಗುರು ಕೂದಲು, ಕಣ್ಣು ಅರ್ಧ ಮುಚ್ಚಿದಂತೆ. ಸ್ಟಿಲ್ಲಿನಿಂದ ಹಿಂದುಮುಂದು ತಿಳಿಯುವುದಿಲ್ಲ. ಯಾವುದಾದರೂ ನೆಲಮಾಳಿಗೆಯ ಡಬ್ಬಿಯಲ್ಲಿ ಈ ಸಿನಿಮಾ ಸಿಕ್ಕಿದರೆ ಉಳಿದದ್ದನ್ನೆಲ್ಲ ನೀವೇ ಇಟ್ಟುಕೊಳ್ಳಿ, ಗೂಢಚಾರಿಣಿಯನ್ನೂ ಸೇರಿಸಿ. ನನಗೆ ಆ ಜಾಗವೊಂದು ಸಾಕು: ಪ್ರೊಬರ್ಟ್ ಹೊರಗೆ ಹೋದ ಮೇಲೆ ಕಾರ್ಡು ಮೊದಲಾ, ಮುಖ ಮೊದಲಾ?