ಕ್ರೋಮಿಯಂ ಹಿಡಿದ ಇದ್ದಿಲು ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ಪೀಣ್ಯದಲ್ಲಿ ಲೋಹದ ಬಿಡಿಭಾಗಗಳಿಗೆ ಕ್ರೋಮ್ ಲೇಪನ ಮಾಡುವ ಸಣ್ಣ ಘಟಕಗಳು ಹಲವಿವೆ. ಲೇಪನದ ನಂತರ ತೊಳೆದ ನೀರಿನಲ್ಲಿ ಕ್ಯಾನ್ಸರ್‌ಕಾರಕವಾದ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಉಳಿಯುತ್ತದೆ. ಅಲ್ಲಿನ ಅಂತರ್ಜಲದಲ್ಲಿಯೂ ಅದು ಪತ್ತೆಯಾಗಿದೆ. ಕೆರೆ, ನದಿಗಳಿಗೆ ಬಿಡುವ ತ್ಯಾಜ್ಯನೀರಿನಲ್ಲಿ ಅದು ಲೀಟರಿಗೆ 0.1 ಮಿಲಿಗ್ರಾಂ ಮೀರುವಂತಿಲ್ಲ.

ನೀರಿನಿಂದ ಈ ಲೋಹವನ್ನು ಹೀರಿ ತೆಗೆಯಲು ತೆಂಗಿನ ಕರಟದ ಇದ್ದಿಲು ಒದಗುತ್ತದೆ ಎಂದು ತೋರಿಸುವ ಪ್ರಬಂಧಗಳಿಗೆ ಕೊರತೆಯಿಲ್ಲ; ಆದರೆ ಬಹುಪಾಲು ಪ್ರಬಂಧಗಳು ನೀರು ಶುದ್ಧವಾದಲ್ಲಿಗೆ ನಿಂತುಬಿಡುತ್ತವೆ, ಲೋಹ ತುಂಬಿಕೊಂಡ ಇದ್ದಿಲಿನ ಗತಿಯನ್ನು ಕೇಳುವುದಿಲ್ಲ.

ಸೀಸ, ತಾಮ್ರ, ಕ್ಯಾಡ್ಮಿಯಂಗಳು ನೀರಿನಲ್ಲಿ ಧನ ಅಯಾನುಗಳಾಗಿ (ಧನ ವಿದ್ಯುದಾವೇಶದ ಕಣಗಳಾಗಿ) ಇರುವುದರಿಂದ ಅವನ್ನು ಹಿಡಿದ ಇದ್ದಿಲನ್ನು ನೀರು ಬೆರೆಸಿದ ಆಮ್ಲದಲ್ಲಿ ತೊಳೆದರೆ ಅದು ಲೋಹವನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಕ್ರೋಮಿಯಂ ಅಷ್ಟು ಸರಳವಲ್ಲ. ಪಿಎಚ್ 2ರ ಆಸುಪಾಸಿನಲ್ಲಿ, ಅಂದರೆ ನೀರು ಬಹಳ ಆಮ್ಲೀಯವಾಗಿರುವಾಗ, ಹೆಕ್ಸಾವೇಲೆಂಟ್ ಕ್ರೋಮಿಯಂ ಋಣ ಅಯಾನಾಗಿ ಬಂದು, ಧನ ಆವೇಶ ಪಡೆದ ಇದ್ದಿಲಿನ ಮೇಲ್ಮೈಗೆ ಅಂಟುತ್ತದೆ. ಅಂಟಿದ ಮೇಲೆ ಇದ್ದಿಲಿನಿಂದಲೇ ಎಲೆಕ್ಟ್ರಾನುಗಳನ್ನು ಪಡೆದು ಅದರ ಒಂದು ಭಾಗ ಕಡಿಮೆ ವಿಷಕಾರಿಯಾದ ಟ್ರೈವೇಲೆಂಟ್ ರೂಪಕ್ಕೆ ಇಳಿಯುತ್ತದೆ. ಇದ್ದಿಲನ್ನು ಮತ್ತೆ ಬಳಸಲೆಂದು ಕಾಸ್ಟಿಕ್ ಸೋಡಾ ದ್ರಾವಣ ಹಾಯಿಸಿದಾಗ ಮೊದಲಿನ ಹೆಕ್ಸಾವೇಲೆಂಟ್ ರೂಪದಲ್ಲಿರುವ ಭಾಗ ಕ್ರೋಮೇಟ್ ಆಗಿ ಹೊರಬರುತ್ತದೆ, ರೂಪ ಬದಲಿಸಿದ ಭಾಗ ಬಹುತೇಕ ಅಲ್ಲಿಯೇ ಉಳಿದು ಜಾಗ ಆಕ್ರಮಿಸುತ್ತದೆ. ಪ್ರತಿ ಸುತ್ತಿನಲ್ಲಿ ಸಾಮರ್ಥ್ಯ ಕುಸಿಯುವುದಕ್ಕೆ ಇದೊಂದು ಮುಖ್ಯ ಕಾರಣ.

ಪುನರ್ಬಳಕೆಗೆ ಒಲ್ಲದ ಇದ್ದಿಲನ್ನು ಇಟ್ಟಿಗೆ ಮಣ್ಣಿಗೆ ಬೆರೆಸಿ ಸುಡಬಹುದೆಂಬ ಸಲಹೆಯೂ ಉಂಟು. ನನಗೆ ಇದು ಒಪ್ಪಿಗೆಯಿಲ್ಲ: ಸುಣ್ಣದ ಅಂಶವಿರುವ ಮಣ್ಣಿನಲ್ಲಿ, ಗಾಳಿಯಾಡುವ ಗೂಡಿನಲ್ಲಿ ಸುಟ್ಟರೆ ಕಡಿಮೆ ಅಪಾಯದ್ದಾಗಿದ್ದ ಟ್ರೈವೇಲೆಂಟ್ ಕ್ರೋಮಿಯಂ ಮತ್ತೆ ವಿಷಕಾರಿ ಕ್ರೋಮೇಟ್ ಆಗಬಲ್ಲದು. ಸಿಮೆಂಟಿನಲ್ಲಿ ಬಂಧಿಸುವುದಾದರೂ ಲೋಹ ನೀರಿಗೆ ಜಿನುಗುವುದೋ ಇಲ್ಲವೋ ಎಂಬ ಪರೀಕ್ಷೆ ಮೊದಲು ಆಗಬೇಕು. ಲೋಹಭರಿತ ಇದ್ದಿಲನ್ನು ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ವೇಗವರ್ಧಕವಾಗಿ ಬಳಸುವ ಪ್ರಯೋಗಗಳು ಸೊಗಸಾಗಿವೆ, ಆದರೆ ವೇಗವರ್ಧಕ ಬೇಕಾಗುವುದು ಚಿಟಿಕೆಯಷ್ಟು, ಘಟಕಗಳಲ್ಲಿ ಉಳಿಯುವುದು ಮೂಟೆಗಟ್ಟಲೆ.

ಕ್ರೋಮ್ ಹೆಚ್ಚಿರುವ ತೊಳೆನೀರಿಗೆ, ಇದ್ದಿಲಿಗಿಂತ, ನೀರಿನಲ್ಲಿನ ಅಯಾನನ್ನು ಹಿಡಿದು ಬದಲಿಗೆ ಬೇರೊಂದನ್ನು ಬಿಡುವ ಅಯಾನು ವಿನಿಮಯ ರಾಳವೇ ಮೇಲೆಂದು ನನಗನ್ನಿಸುತ್ತದೆ. ಕಾಸ್ಟಿಕ್‌ನಿಂದ ಆ ರಾಳದಿಂದ ಬಿಡಿಸಿಕೊಂಡ ಸೋಡಿಯಂ ಕ್ರೋಮೇಟನ್ನು ಆಮ್ಲರೂಪದ ಇನ್ನೊಂದು ರಾಳದ ಮೂಲಕ ಹಾಯಿಸಿದರೆ ಕ್ರೋಮಿಕ್ ಆಮ್ಲ ದೊರೆತು, ಸಾಂದ್ರಗೊಳಿಸಿದ ಮೇಲೆ ಲೇಪನದ ತೊಟ್ಟಿಗೇ ಮರಳಬಹುದು. ಕರಟದ ಇದ್ದಿಲಿಗೆ ಕೊನೆಯ ಹಂತದ ಅಲ್ಪ ಪ್ರಮಾಣದ ಲೋಹವನ್ನಷ್ಟೇ ಬಿಟ್ಟುಕೊಟ್ಟರೆ, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಸುರಕ್ಷಿತ ಭೂಭರ್ತಿಗೆ ಕಳಿಸಬೇಕಾದ ಮೂಟೆಗಳೂ ಕಡಿಮೆಯಾಗುತ್ತವೆ.