ಗೊಂಬೆ ಚಕ್ರದ ರ‍್ಯಾಲಿ

ಮೇಗರವಳ್ಳಿ ಹತ್ತಿರದ ಒಂದು ಮನೆಯಿಂದ ಫೋನ್ ಬಂದಿತ್ತು. ಎಮ್ಮೆಗೆ ಕೆಚ್ಚಲು ಬಾವು. ಇಂಜೆಕ್ಷನ್ ಕೊಟ್ಟು, ಕೈ ತೊಳೆಯಲು ಬಚ್ಚಲಿಗೆ ಹೋದೆ. ತಲೆ ಎತ್ತಿದರೆ ಅಟ್ಟದ ಮೇಲೆ, ಅಡಿಕೆ ಹಾಳೆಗಳ ರಾಶಿಯ ಹಿಂದೆ, ಸೈಕಲ್ಲಿನ ಹ್ಯಾಂಡಲ್ ಕಾಣಿಸಿತು. ರಾಡ್ ಬ್ರೇಕಿನದು.

"ಎಂತ ನೋಡ್ತಿದ್ದೀರಿ ಡಾಕ್ಟ್ರಮ್ಮ?" ಮನೆಯ ಅಜ್ಜಯ್ಯ ಕೇಳಿದರು. "ಅದಾ? ಅಪ್ಪಯ್ಯನ ರ‍್ಯಾಲಿ. ಇಂಗ್ಲೆಂಡಿನ ಸೈಕಲ್ಲು. ಗೇರ್ ಬೇರೆ ಇತ್ತು ಅದಕ್ಕೆ."

ಶಿವಮೊಗ್ಗದ ನಮ್ಮ ಮನೆಯಲ್ಲಿ ಆಗಲೇ ಐದು ಸೈಕಲ್ ಇದ್ದವು. ಆರನೆಯದು ಬಂದರೆ ತಾನು ಹೊರಗೆ ಮಲಗಬೇಕಾಗುತ್ತದೆ ಅಂತ ನಮ್ಮನೆಯವರು ಹೇಳಿಯೂ ಆಗಿತ್ತು. ಆದರೂ ಏಣಿ ತರಿಸಿದೆ.

ಇಂಗ್ಲೆಂಡಿನ ರ‍್ಯಾಲಿ ಅಂದ ಕೂಡಲೇ ನಾನು ನಂಬುವುದಿಲ್ಲ. ನಮ್ಮ ದೇಶದಲ್ಲೇ, ಬಂಗಾಳದ ಅಸನ್ಸೋಲ್‌ನಲ್ಲಿ ಸೆನ್-ರ‍್ಯಾಲಿ ಕಂಪನಿ ಈ ಸೈಕಲ್ ತಯಾರಿಸುತ್ತಿತ್ತು. ಅದೂ ಒಳ್ಳೆ ಸೈಕಲ್ಲೇ, ಆದರೆ ಬೇರೆ ಸೈಕಲ್ಲು. ಸೆರಗಿನ ತುದಿಯಿಂದ ಮುಂದಿನ ಬ್ಯಾಡ್ಜ್ ಒರೆಸಿದೆ. ಕೊಕ್ಕರೆ ತಲೆ, ನಾಟಿಂಗ್‌ಹ್ಯಾಮ್ ಅನ್ನುವ ಅಕ್ಷರ. ಬ್ಯಾಡ್ಜ್ ಒಂದೇ ಸಾಲದು, ಅದನ್ನು ಕಿತ್ತು ಯಾವುದಕ್ಕೆ ಬೇಕಾದರೂ ಹಾಕಬಹುದು. ಹಿಂದಿನ ಚಕ್ರದ ನಡುವಿನ ಹಬ್ ಉಜ್ಜಿದೆ, ಗೇರ್ ಇರುವುದು ಅದರೊಳಗೇ. ಸ್ಟರ್ಮಿ-ಆರ್ಚರ್ ಅನ್ನುವ ಕಂಪನಿ ಹೆಸರು, ಎಡಬ್ಲ್ಯು ಅನ್ನುವ ಮೂರು ಗೇರಿನ ಮಾದರಿ, ಪಕ್ಕದಲ್ಲಿ 52. ಅಂದರೆ ಹಬ್ 1952ರದ್ದು. ಸೈಕಲ್ಲೂ ಅದೇ ಇಸವಿಯದು ಅಂತ ಹೇಳೋಕಾಗಲ್ಲ, ಚಕ್ರ ಬದಲಾಗಿದ್ದರೆ? ಆದರೂ ಎದೆ ಹೊಡೆದುಕೊಂಡಿತು.

ಆಮೇಲೆ ಪೆಡಲ್ ಹತ್ತಿರದ ಚೈನ್ ಚಕ್ರ ನೋಡಿದೆ. ಕೊಕ್ಕರೆಗಳು ಇರಬೇಕಾದ ಜಾಗದಲ್ಲಿ ಐದು ಪುಟ್ಟ ಗೊಂಬೆಗಳು ಕೈ ಕೈ ಹಿಡಿದು ನಿಂತಿದ್ದವು! ಅದು ಹಂಬರ್ ಅನ್ನುವ ಬೇರೆ ಇಂಗ್ಲಿಷ್ ಸೈಕಲ್ಲಿನ ಗುರುತು. ಹಳೇ ಸೈಕಲ್ಲಿನ ಜಾತಕ ಅರ್ಧ ಈ ಚಕ್ರದಲ್ಲೇ ಇರುತ್ತದೆ. ಅಂಗೈ ಕಂಡರೆ ರಡ್ಜ್, ಮೂರು ಅಕ್ಷರ ಕಂಡರೆ ಬಿಎಸ್‌ಎ. ಹಂಬರ್ ಸೈಕಲ್ಲನ್ನು ರ‍್ಯಾಲಿಯವರು 1932ರಲ್ಲೇ ಕೊಂಡಿದ್ದರು. ಹಾಗಾಗಿ ಅದು ಇದಕ್ಕೆ ಕೂರುತ್ತದೆ. ಆದರೆ ಇದರದ್ದಲ್ಲ.

ಅಜ್ಜಯ್ಯ ದುಡ್ಡು ಮುಟ್ಟಲಿಲ್ಲ. "ಓಡೋ ಹಾಗೆ ಮಾಡಿ ಒಂದ್ಸಲ ತಂದು ತೋರಿಸಿ" ಅಂದರು.

ಬಚ್ಚಲ ಅಟ್ಟ ಈ ಸೈಕಲ್ಲಿನ ಪುಣ್ಯ. ಕೊಟ್ಟಿಗೆಯಲ್ಲಿ ಇಟ್ಟಿದ್ದರೆ ನಮ್ಮ ಮಳೆಗೆ ಹತ್ತು ವರ್ಷದಲ್ಲಿ ಮಣ್ಣಾಗುತ್ತಿತ್ತು. ಇಲ್ಲಿ ಹಂಡೆ ಒಲೆಯ ಹೊಗೆ ಬಡಿದು ಬಡಿದು ಮೈತುಂಬ ಜಿಡ್ಡು ಮಸಿ. ಅದರಡಿ ಬಣ್ಣ ಹಾಗೇ ಉಳಿದಿತ್ತು. ನನ್ನ ಮೊದಲ ಸೈಕಲ್ಲಿಗೆ ಉಪ್ಪುಕಾಗದ ಹಾಕಿ ತಿಕ್ಕಿ, ಹೊಸ ಕಪ್ಪು ಬಣ್ಣ ಹೊಡೆಸಿ, ಮೂಲದ ಚಿನ್ನದ ಗೆರೆಗಳನ್ನು ಕೈಯಾರೆ ಕಳೆದಿದ್ದೆ. ಈ ಸಲ ಅಂಟುವಾಳ ನೆನೆಹಾಕಿ, ನೊರೆಯಲ್ಲಿ ಹತ್ತಿ ಅದ್ದಿ, ಅಂಗೈ ಅಗಲದಷ್ಟು ಜಾಗವನ್ನು ಒಂದೊಂದು ಸಂಜೆ ಒರೆಸಿದೆ. ನಾಲ್ಕನೇ ಸಂಜೆ ಸೀಟಿನ ಕೆಳಗಿನ ಪೈಪಿನಲ್ಲಿ ಕೂದಲೆಳೆಯಷ್ಟು ಸಪೂರ ಚಿನ್ನದ ಗೆರೆ ಎದ್ದಿತು. ನಡುವೆ ಒಂದು ಕಡೆ ಚೂರು ಡೊಂಕು. ಬಣ್ಣದವನ ಕೈ ಅಲ್ಲಿ ನಡುಗಿರಬೇಕು.

ಕ್ಯಾರಿಯರ್ ಮಾತ್ರ ಒಗಟಾಗಿತ್ತು. ಸಂದಿಯಲ್ಲಿ ಹಸಿರು ಹಿಟ್ಟು, ಒರೆಸಿದರೆ ಕೆಂಪು. ತುಕ್ಕಿನ ಕೆಂಪಲ್ಲ, ತಾಮ್ರದ್ದು. ಆಮೇಲೆ ಹೊಳೆಯಿತು. ಅಡಿಕೆ ತೋಟದವರು ಬೋರ್ಡೋ, ಅಂದರೆ ಮೈಲುತುತ್ತಕ್ಕೆ ಸುಣ್ಣ ಸೇರಿಸಿದ ಔಷಧಿ, ಸರಿಯಾಗಿದೆಯಾ ಅಂತ ಕತ್ತಿ ಅದ್ದಿ ನೋಡುತ್ತಾರಲ್ವಾ? ಕತ್ತಿಗೆ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು ಅಂತ. ಅದೇ ಕೆಂಪು ಇದು. ಕೊಳೆರೋಗದ ಔಷಧಿಗೆ ಮೈಲುತುತ್ತದ ಚೀಲ ಈ ಕ್ಯಾರಿಯರಿನಲ್ಲೇ ಮಳೆಯಲ್ಲಿ ನೆನೆಯುತ್ತಾ ಬಂದಿದೆ. ಅದನ್ನು ಪೂರ್ತಿ ತೆಗೆಯಲು ಮನಸ್ಸು ಬರಲಿಲ್ಲ. ಹಿಟ್ಟು ತೊಳೆದು ಎಣ್ಣೆ ಸವರಿ ಬಿಟ್ಟೆ.

ಪೆಡಲಿನ ತೋಳನ್ನು, ಅಂದರೆ ಕ್ರ್ಯಾಂಕನ್ನು, ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ತೆಗೆಯೋದು ಯಾವತ್ತೂ ಜಗಳವೇ. ಎರಡು ದಿನ ಸೀಮೆಎಣ್ಣೆ ಬಿಟ್ಟು, ಕ್ರ್ಯಾಂಕಿನ ಅಡಿಗೆ ಕಬ್ಬಿಣದ ಪೈಪು ಆನಿಸಿ, ಒಂದೇ ಗಟ್ಟಿ ಪೆಟ್ಟು ಕೊಡಬೇಕು. ಸುಮ್ನೆ ಟಕ್ ಟಕ್ ಅಂತ ಬಡಿದರೆ ಪಿನ್ನಿನ ತಲೆ ಅಣಬೆಯಾಗುತ್ತದೆ, ಪಿನ್ ಬರುವುದಿಲ್ಲ. ಒಳಗೆ ಬಾಲ್ಸ್ ಕೂರುವ ಬಟ್ಟಲು ಸವೆದಿತ್ತು. ಒಂದು ಅಂಗಡಿಯವರು ಹೊಸದು ಕೊಟ್ಟು "ಬಿಗಿದು ಹಾಕಿ, ಕೂರುತ್ತೆ" ಅಂದರು. ಅವರು ಕೊಟ್ಟದ್ದು ಇಂಚಿಗೆ 24 ಥ್ರೆಡ್ಡಿನದು, ರ‍್ಯಾಲಿಯದು 26. ಬಿಗಿದಿದ್ದರೆ ಫ್ರೇಮಿನ ಕಥೆಯೇ ಮುಗಿಯುತ್ತಿತ್ತು. ಹಳೇ ಬಟ್ಟಲನ್ನೇ ತೊಳೆದು ಹೊಸ ಬಾಲ್ಸ್ ಹಾಕಿದೆ.

ಗೇರ್ ಹಬ್ಬಿನೊಳಗೆ ಯಾರೋ ಅಡುಗೆ ಎಣ್ಣೆ ಬಿಟ್ಟಿದ್ದರು, ಅಂಟಾಗಿ ಹೋಗಿತ್ತು. ರಾತ್ರಿಯಿಡೀ ಸೀಮೆಎಣ್ಣೆ ಕುಡಿಸಿ, ಬಸಿದು, ತೆಳು ಎಣ್ಣೆ ಬಿಟ್ಟ ಮೇಲೆ ತಿರುಗಿತು. ಖುಷಿಯಲ್ಲಿ ಗಾಜನೂರು ರಸ್ತೆಗೆ ಹೊರಟೆ. ಕೇಬಲ್ ಸಡಿಲ ಇದ್ದದ್ದು ನೋಡಿರಲಿಲ್ಲ. ಈ ಹಬ್ಬಿನಲ್ಲಿ ಎರಡು ಮತ್ತು ಮೂರರ ನಡುವೆ ಯಾವ ಗೇರೂ ಇಲ್ಲದ ಒಂದು ಜಾಗ ಇದೆ. ಎದ್ದು ನಿಂತು ತುಳಿದೆ, ಪೆಡಲ್ ಖಾಲಿ ಹೋಯಿತು, ಮಂಡಿ ಹ್ಯಾಂಡಲ್ಲಿಗೆ ಬಡಿಯಿತು. ವಾರ ಪೂರ್ತಿ ಕುಂಟುತ್ತಾ ದನ ನೋಡಿದೆ.

ಅಷ್ಟರಲ್ಲಿ ಗುಜರಿಯಲ್ಲಿ ಕೊಕ್ಕರೆಯ ಚೈನ್ ಚಕ್ರವೂ ಸಿಕ್ಕಿತು. ಅಜ್ಜಯ್ಯನಿಗೆ ತೋರಿಸಿಯೇ ಬದಲಿಸೋಣ ಅಂತ ಸೈಕಲ್ಲಿನ ಜೊತೆ ಅದನ್ನೂ ಒಯ್ದೆ.

ಅವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಗೊಂಬೆ ಯಾಕೆ ತೆಗೀತೀರಿ? ನಾವೆಲ್ಲ ಗೊಂಬೆ ಸೈಕಲ್ ಅಂತಲೇ ಕರೀತಿದ್ದದ್ದು." ಆಮೇಲೆ ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಲು ಹೇಳಿದರು. ಎರಡನೇ ಗೇರಿನಲ್ಲಿ ಟಿಕ್ ಟಿಕ್. ಮೂರರಲ್ಲೂ ಟಿಕ್ ಟಿಕ್. "ಒಂದಕ್ಕೆ ಹಾಕಿ" ಅಂದರು. ಹಾಕಿದೆ. ಸದ್ದು ನಿಂತಿತು. ಈ ಹಬ್ ಒಂದರಲ್ಲಿ, ಅಂದರೆ ಏರಿಗೆ ಹಾಕುವ ಗೇರಿನಲ್ಲಿ, ತುಳಿಯುವಾಗ ಮಾತಾಡುವುದಿಲ್ಲ.

"ಹಾಂ, ಇದೇ. ರಾತ್ರಿ ಅಪ್ಪಯ್ಯ ದಣಪೆ ಹತ್ರ ಬಂದಾಗ ಟಿಕ್ ಟಿಕ್ ನಿಲ್ತಿತ್ತು. ಏರು ಶುರು ಅಂತ ಅರ್ಥ. ಅಮ್ಮ ಆಗ ಸಾರು ಬಿಸಿಗಿಡ್ತಿದ್ದಳು."

ಗೊಂಬೆ ಚಕ್ರ ಹಾಗೇ ಇದೆ. ಕೊಕ್ಕರೆಯದು ನನ್ನ ಔಷಧಿ ಪೆಟ್ಟಿಗೆಯ ತಳದಲ್ಲಿದೆ. ಬೇಕಾದವರು ಹೇಳಿ, ಆದರೆ ಕೊಂಡ ರೇಟಿಗಿಂತ ಕಡಿಮೆಗೆ ಕೊಡಲ್ಲ.