ಜ್ಯಾಕ್ ಟ್ರೈಸ್ ಸ್ಟೇಡಿಯಂಗೆ ಅಪ್ಪನ್ನ ಕರ್ಕೊಂಡು ಹೋದ ಶನಿವಾರ

ಅಮೆರಿಕದ ಕಾಲೇಜ್ ಫುಟ್‌ಬಾಲ್ (ಬಾಲ್ ಕೈಯಲ್ಲಿ ಹಿಡ್ಕೊಂಡು ನುಗ್ಗೋ, ಮೈಮೇಲೆ ಬಿದ್ದು ತಡೆಯೋ ಆಟ) ಸ್ಟೇಡಿಯಂಗಳಿಗೆ ದುಡ್ಡು ಕೊಟ್ಟೋರ ಹೆಸರೋ, ವರ್ಷಗಟ್ಟಲೆ ಗೆಲ್ಲಿಸಿದ ಕೋಚ್ ಹೆಸರೋ ಇರೋದು ಮಾಮೂಲು. ಅಯೋವಾ ರಾಜ್ಯದ ಏಮ್ಸ್‌ನಲ್ಲಿ, ನಾನು ಪಿಎಚ್‌ಡಿ ಮಾಡ್ತಿರೋ ಅಯೋವಾ ಸ್ಟೇಟ್ ಯೂನಿವರ್ಸಿಟಿ ಸ್ಟೇಡಿಯಂಗೆ ಮಾತ್ರ, ಕಾಲೇಜ್ ಟೀಮಿಗೆ ಎರಡೇ ಮ್ಯಾಚ್ ಆಡಿ 21ನೇ ವಯಸ್ಸಿಗೆ ತೀರಿಕೊಂಡ ಹುಡುಗನ ಹೆಸರಿದೆ, ಜ್ಯಾಕ್ ಟ್ರೈಸ್. ಅವನು ಓದ್ತಿದ್ದಿದ್ದು ಪಶುಸಂಗೋಪನೆ. ನಾನೂ ಹೆಬ್ಬಾಳದಲ್ಲಿ ವೆಟರ್ನರಿ ಮುಗಿಸಿ ಅದೇ ದಾರೀಲಿ ಇಲ್ಲಿಗೆ ಬಂದೋನು, ಅದಕ್ಕೇ ಏನೋ ಈ ಹೆಸರು ನಂಗೆ ತುಂಬಾ ಹತ್ತಿರ.

ಹೋದ ವರ್ಷ ಅಪ್ಪ ಅಮ್ಮ ಬಂದಿದ್ರು. ಅಪ್ಪ ಊರಲ್ಲಿ ಹಾಲಿನ ಡೇರಿ ಸೆಕ್ರೆಟರಿ ಆಗಿದ್ದೋರು, ಅವರಿಗೆ ಆಟಕ್ಕಿಂತ ಇಲ್ಲಿನ ದನದ ಕೊಟ್ಟಿಗೆ ನೋಡೋ ಆಸೆ. ಆದ್ರೂ ಒಂದು ಶನಿವಾರ ಮ್ಯಾಚಿಗೆ ಎಬ್ಬಿಸ್ಕೊಂಡು ಹೋದೆ, ಅಮ್ಮ ಬರಲ್ಲ ಅಂದ್ರು. ಊರಿಗೆ ಊರೇ ಕೆಂಪು ಹಳದಿ ಅಂಗಿ ಹಾಕ್ಕೊಂಡು, ಬೆಳಗ್ಗೆಯಿಂದಲೇ ಪಾರ್ಕಿಂಗ್‌ನಲ್ಲಿ ಒಲೆ ಹಚ್ಚಿ ಮಾಂಸ ಸುಡ್ತಾ ಕೂತಿತ್ತು. ಸ್ಟೇಡಿಯಂ ಹತ್ರ ಟ್ರೈಸ್ ಪ್ರತಿಮೆ ಇದೆ, ಕೈಯಲ್ಲಿ ಒಂದು ಕಾಗದ. ಅಪ್ಪ ಅಲ್ಲೇ ನಿಂತ್ರು. "ಆಟಗಾರ ಅಂತೀಯ, ಕಾಗದ ಯಾಕೆ ಹಿಡ್ಕೊಂಡಿದಾನೋ?"

ಹೇಳ್ತಾ ಹೋದೆ. ಓಹಾಯೋದ ಹೈರಮ್ ಅನ್ನೋ ಹಳ್ಳಿ ಹುಡುಗ, ಚಿಕ್ಕ ವಯಸ್ಸಲ್ಲೇ ಅಪ್ಪ ಹೋದ್ರು, ಹೈಸ್ಕೂಲ್ ಕೋಚ್‌ಗೆ ಇಲ್ಲಿ ಕೆಲಸ ಸಿಕ್ಕಾಗ ಅವರ ಹಿಂದೇನೇ ಇಲ್ಲಿಗೆ ಬಂದ, ಈ ಕಾಲೇಜಿನ ಮೊದಲ ಕಪ್ಪು ಆಟಗಾರ, ಓದು ಮುಗಿಸಿ ದಕ್ಷಿಣಕ್ಕೆ ಹೋಗಿ ತನ್ನ ಜನದ ರೈತರಿಗೆ ಕೆಲಸಕ್ಕೆ ಬರಬೇಕು ಅಂತಿದ್ದ. 1923ರ ಅಕ್ಟೋಬರ್ 6ಕ್ಕೆ ಮಿನ್ನಿಯಾಪೊಲಿಸ್‌ನಲ್ಲಿ ಮಿನ್ನೆಸೋಟ ಮೇಲೆ ಮ್ಯಾಚು. ಹಿಂದಿನ ರಾತ್ರಿ ಹೋಟೆಲ್ ಕಾಗದದ ಮೇಲೆ ತನಗೆ ತಾನೇ ಬರ್ಕೊಂಡಿದ್ದು ಅದು, ನನ್ನ ಜನದ, ನನ್ನ ಮನೆಯ, ನನ್ನ ಮರ್ಯಾದೆ ನಾಳೆ ಪಣಕ್ಕಿದೆ, ಎಲ್ಲರೂ ನನ್ನಿಂದ ದೊಡ್ಡದನ್ನ ನಿರೀಕ್ಷೆ ಮಾಡ್ತಿದಾರೆ, ಮಾಡೇ ಮಾಡ್ತೀನಿ ಅಂತ. ಕೆಳಗಡೆ ಆಟದ ಸೂಚನೆಗಳು, ಬಗ್ಗಿ ಆಡು, ಕಣ್ಣು ಬಿಟ್ಕೊಂಡಿರು, ಅಡ್ಡ ಬರೋರನ್ನ ರೋಲ್ ಬ್ಲಾಕ್ ಮಾಡು, ಅಂದ್ರೆ ಅವರ ಕಾಲಿಗೆ ಅಡ್ಡ ಬಿದ್ದು ಉರುಳು.

ಶುರುವಿನಲ್ಲೇ ಕಾಲರ್ ಬೋನ್ ಮುರೀತು, ಆಡ್ತಾನೇ ಇದ್ದ. ಮೂರನೇ ಕ್ವಾರ್ಟರ್‌ನಲ್ಲಿ ಅದೇ ರೋಲ್ ಬ್ಲಾಕಿಗೆ ಮೈ ಒಡ್ಡಿ ಬಿದ್ದ, ಎದುರಿನೋರು ಮೇಲೆ ತುಳ್ಕೊಂಡು ಹೋದ್ರು. ಬೇಕಂತ್ಲೇ ತುಳಿದ್ರಾ ಅನ್ನೋ ವಾದ ಇವತ್ತಿಗೂ ಬಗೆಹರಿದಿಲ್ಲ. ಪ್ರಯಾಣ ಮಾಡಬಹುದು ಅಂತ ಡಾಕ್ಟರು ಹೇಳಿದ್ಮೇಲೆ ರೈಲಲ್ಲಿ ಹುಲ್ಲಿನ ಹಾಸಿಗೆ ಮೇಲೆ ಮಲಗಿಸ್ಕೊಂಡು ಏಮ್ಸ್‌ಗೆ ಕರ್ಕೊಂಡು ಬಂದ್ರು, 8ನೇ ತಾರೀಕು ಒಳಗಿನ ರಕ್ತಸ್ರಾವದಿಂದ ಹೋಗ್ಬಿಟ್ಟ. ಕೋಟಿನ ಜೇಬಲ್ಲಿ ಸಿಕ್ಕ ಆ ಕಾಗದನ ಅಂತ್ಯಕ್ರಿಯೆಯಲ್ಲಿ ಕಾಲೇಜಿನ ಅಧ್ಯಕ್ಷರೇ ಓದಿದ್ರು, ಸುಮಾರು 4,000 ಜನ ಸೇರಿದ್ರಂತೆ.

"ಅವರಮ್ಮ?" ಅಂದ್ರು ಅಪ್ಪ. ಕಾಲೇಜೋರು ಚಂದಾ ಎತ್ತಿ 2,259 ಡಾಲರ್ ಕೊಟ್ರು, ಆ ತಾಯಿ ವಾಪಸ್ ಬರೆದ ಕಾಗದದಲ್ಲಿ ಮಗನಿಗೆ ಸಿಕ್ಕ ಗೌರವಕ್ಕೆ ಹೆಮ್ಮೆ ಇದೆ ಆದ್ರೆ ನಂಗಿದ್ದೋನು ಅವನೊಬ್ನೇ ಅಂದಿದ್ರು ಅಂತ ಹೇಳ್ದೆ.

ಆಮೇಲೆ ಎಲ್ಲರೂ ಮರೆತ್ರು. ಜಿಮ್ ಗೋಡೆ ಮೇಲಿದ್ದ ಫಲಕ ನೋಡಿ 1957ರಲ್ಲಿ ಒಬ್ಬ ಹುಡುಗ ಕಾಲೇಜ್ ಪತ್ರಿಕೇಲಿ ಬರೆದ. 1975ರಲ್ಲಿ ಈಗಿನ ಸ್ಟೇಡಿಯಂ ಶುರುವಾಯ್ತು, ಅದಕ್ಕೂ ಮೊದಲೇ ವಿದ್ಯಾರ್ಥಿಗಳು ಟ್ರೈಸ್ ಹೆಸರೇ ಇಡಿ ಅಂತ ಪಟ್ಟು ಹಿಡಿದಿದ್ರು. 1984ರಲ್ಲಿ ಸ್ಟೇಡಿಯಂಗೆ ಟೀಮ್ ಹೆಸರು, ಒಳಗಿನ ಮೈದಾನಕ್ಕೆ ಮಾತ್ರ ಇವನ ಹೆಸರು ಅಂತ ಅರ್ಧ ಒಪ್ಪಿದ್ರು. ಅಷ್ಟಕ್ಕೆ ಸುಮ್ನಾಗದೆ ಹುಡುಗರು ತಾವೇ ದುಡ್ಡು ಹೊಂದಿಸಿ ಪ್ರತಿಮೆ ಮಾಡಿಸಿದ್ರು. ಪೂರ್ತಿ ಹೆಸರು ಬಂದಿದ್ದು 1997ರಲ್ಲಿ. ಮೊದಲು ಕೇಳಿದ ಹುಡುಗರಿಗೆ ಅಷ್ಟೊತ್ತಿಗೆ ಕಾಲೇಜಿಗೆ ಹೋಗೋ ಮಕ್ಕಳಿದ್ದಿರಬೇಕು. ಒಂದು ಬ್ಯಾಚು ಪಾಸಾಗಿ ಹೋದ್ರೆ ಮುಂದಿನ ಬ್ಯಾಚು ಬಿಡದೆ ಕೇಳ್ತು ನೋಡಿ, ಈ ಸ್ಟೇಡಿಯಂ ಕಥೆಯಲ್ಲಿ ನಂಗೆ ದೊಡ್ಡದು ಅನ್ಸೋದು ಅದೇ. ಡಿಗ್ರಿ ಕೊಟ್ಟಿದ್ದು ಇನ್ನೂ ಲೇಟು, 2023ರಲ್ಲಿ, ಸತ್ತು ನೂರು ವರ್ಷಕ್ಕೆ.

ಒಳಗೆ ಹೋಗಿ ಮೂಲೆಯ ಹುಲ್ಲಿನ ದಿಬ್ಬದ ಮೇಲೆ ಕೂತ್ವಿ. 61,500 ಜನ ಹಿಡಿಯೋ ಜಾಗ, ಕೂಗಿಗೆ ಕಿವಿ ಗುಂಯ್ ಅಂತಿತ್ತು. "ಅವನು ಯಾವ ಜಾಗದಲ್ಲಿ ಆಡ್ತಿದ್ದ?" ಅಂತ ಕೇಳಿದ್ರು, ಟ್ಯಾಕಲ್, ಅಂದ್ರೆ ಮುಂದಿನ ಸಾಲಲ್ಲಿ ನಿಂತು ಎದುರಿನೋರಿಗೆ ಢಿಕ್ಕಿ ಕೊಡೋ ಜಾಗದಲ್ಲಿ ಆಡೋ ಹುಡುಗನ್ನ ತೋರಿಸ್ದೆ. ಅಲ್ಲಿಂದಾಚೆಗೆ ಅಪ್ಪ ಬಾಲ್ ಕಡೆ ನೋಡ್ಲೇ ಇಲ್ಲ, ಅವನನ್ನೇ ನೋಡ್ತಿದ್ರು. ಅವನ ಮೇಲೆ ನಾಲ್ಕು ಜನ ಬಿದ್ದಾಗೆಲ್ಲ ನನ್ನ ತೋಳು ಹಿಡ್ಕೊಂಡು "ಎದ್ನೇನೋ, ಎದ್ನೇನೋ" ಅಂತ ಕೇಳೋರು, ಎದ್ದ ತಕ್ಷಣ ಅಕ್ಕಪಕ್ಕದೋರಿಗಿಂತ ಜೋರಾಗಿ ಚಪ್ಪಾಳೆ ತಟ್ಟೋರು.